ಇಲ್ಲೇ ಯಾರೋ ಮಾಡಿದ್ದು

ನಮ್ಮ ಮನೆಯ ದಿವಾನದ ಮೇಲೆ ಈಗ ಮನುಷ್ಯರು ಕೂರುವಂತಿಲ್ಲ. ಅಲ್ಲಿ ಮ್ಯಾಂಡೊಲಿನ್‌ಗಳು ಮಲಗಿವೆ. ಒಂದರ ಕುತ್ತಿಗೆ ಬಾಗಿದೆ, ಒಂದರ ಹೊಟ್ಟೆ ಬಿರಿದಿದೆ, ಇನ್ನೊಂದಕ್ಕೆ ಎಂಟು ತಂತಿ ಇರಬೇಕಾದಲ್ಲಿ ಮೂರೇ ಉಳಿದಿವೆ. ಬಂದ ನೆಂಟರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಮುದುಡಿ ಕೂತು ಚಹಾ ಕುಡಿದು ಹೋಗುತ್ತಾರೆ. ಹೆಂಡತಿ ಕಸ ಹೊಡೆಯುವಾಗ ಕಸಬರಿಗೆ ತಾಗಿ ಒಂದು ತಂತಿ ಟಣ್ ಎಂದರೆ ಸಾಕು, "ನಿಮ್ಮ ದೋಸ್ತರು ಕರೀಲಿಕ್ಕತ್ತಾರ ನೋಡ್ರಿ" ಎನ್ನುತ್ತಾಳೆ. ಆ ದೋಸ್ತರು ತೀರಿಕೊಂಡು ವರ್ಷವಾಗುತ್ತ ಬಂತು. ಬದುಕಿದ್ದಾಗ ನನ್ನ ರವಿವಾರಗಳನ್ನೆಲ್ಲ ತಿಂದರು. ಹೋದ ಮೇಲೆ ದಿವಾನವನ್ನೂ ತಿಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಇದೆ, ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ದಾಂಡೇಲಿಯ ನಮ್ಮ ಓಣಿಯವರು ಕರೆಯುತ್ತಿದ್ದಂತೆ ಕಾಕಾ ಎನ್ನೋಣ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವರು. ಮೂಲ ಧಾರವಾಡದ ಕಡೆಯ ಹಳ್ಳಿ. ಅಪ್ಪನ ಕಾಲಕ್ಕೆ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆದ ಮನೆತನ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅವರು ಕಾರ್ಖಾನೆಯಲ್ಲಿ ಹಾಳೆ ನೋಡುತ್ತಿದ್ದರು. ನೋಡುವುದೆಂದರೆ ಅಕ್ಷರಶಃ ನೋಡುವುದೇ. ಹಾಳೆಯನ್ನು ಬೆಳಕಿಗೆ ಹಿಡಿದು ಚುಕ್ಕೆ, ತೂತು, ಸುಕ್ಕು ಇದ್ದದ್ದನ್ನು ಆಚೆ ಎಸೆಯುವುದು, ಉಳಿದದ್ದನ್ನು ಪೇರಿಸುವುದು. ಹರೆಯದಿಂದ ನಿವೃತ್ತಿಯ ತನಕ ಅದನ್ನೇ ಮಾಡಿದರು.

ಆ ಚಟ ಅವರೊಂದಿಗೆ ಮನೆಗೂ ಬಂತು. ಮದುವೆಯ ಕಾರ್ಡು ಕೊಟ್ಟರೆ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ವರ ಯಾರು, ವಧು ಯಾರು ಎಂಬುದು ಆಮೇಲೆ. ಒಮ್ಮೆ ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಕೈಯಿಂದ ಕಸಿದುಕೊಂಡು, ಮೇಲೆತ್ತಿ ನೋಡಿ, "ಇದು ನಮ್ಮದಲ್ರಿ ಸರ" ಎಂದು ವಾಪಸು ಕೊಟ್ಟರು. ಹುಡುಗನಿಗೆ ಎಷ್ಟು ಮಾರ್ಕು ಕೊಟ್ಟಿದ್ದೆ ಎಂಬುದು ನನಗೆ ಮರೆತೇ ಹೋಯಿತು.

ಇನ್ನೊಂದು ಚಟ ಬಡಿಯುವುದು. ಕಟ್ಟಿಗೆ ಕಂಡರೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿ ಹಚ್ಚುತ್ತಿದ್ದರು. ಬಾಗಿಲು, ಬೆಂಚು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿನ ಹಲಗೆ, ಯಾವುದನ್ನೂ ಬಿಟ್ಟವರಲ್ಲ. ನಮ್ಮ ಹೆಡ್‌ಮಾಸ್ತರರು ತೀರಿಕೊಂಡಾಗ ಇಬ್ಬರೂ ಮಾತನಾಡಿಸಿ ಬರಲು ಹೋಗಿದ್ದೆವು. ಮನೆತುಂಬ ಮಂದಿ ತಲೆ ತಗ್ಗಿಸಿ ಕೂತಿದ್ದಾರೆ. ಈ ಮನುಷ್ಯ ತಾವು ಕೂತಿದ್ದ ಮಂಚದ ಕಾಲನ್ನು ಟಕ್ ಟಕ್ ಎನ್ನಿಸಿ ನನ್ನ ಕಿವಿಯಲ್ಲಿ, "ಸಾಗವಾನಿ ಅಂತ ಹೇಳಿ ಮೋಸ ಮಾಡ್ಯಾರ್ರಿ ಸರ, ಇದು ಮತ್ತಿ ಕಟಗಿ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮ್ಯಾಂಡೊಲಿನ್ ಅವರಿಗೆ ಎಲ್ಲಿಂದ ಅಂಟಿತು ಎಂದರೆ, ಗಣಪತಿ ಹಬ್ಬದ ಆರ್ಕೆಸ್ಟ್ರಾದಿಂದ. ಹಳಿಯಾಳದ ಬ್ಯಾಂಡ್ ಕಂಪನಿಯವರೊಬ್ಬರ ಹತ್ತಿರ ಹಳೆಯದೊಂದನ್ನು ತೆಗೆದುಕೊಂಡು ತಾವೇ ಕಲಿತರು. ಕಲಿತರು ಎಂದು ಸೌಜನ್ಯಕ್ಕೆ ಬರೆಯುತ್ತಿದ್ದೇನೆ. ಅವರಿಗೆ ಬರುತ್ತಿದ್ದದ್ದು ಮೂರು ಹಾಡು. ಮೂರರಲ್ಲೂ ಒಂದೇ ಜಾಗದಲ್ಲಿ ಎಡವುತ್ತಿದ್ದರು. ಎಡವಿದ ಮೇಲೆ ನಿಲ್ಲಿಸಿ, ತಂತಿ ತಿರುವಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಕೇಳುವವರಿಗೆ ತಪ್ಪಿಗಿಂತ ಆ ಮೊದಲಿನಿಂದ ಶುರುಮಾಡುವುದೇ ಹಿಂಸೆ.

ಒಂದು ದಿನ ಅದರ ಬೆನ್ನಿನ ಹಲಗೆ ಬಿಟ್ಟುಕೊಂಡಿತು. ಬೆಳಗಾವಿಗೆ ಒಯ್ದರು. ಅಲ್ಲಿ ವಾದ್ಯ ರಿಪೇರಿ ಮಾಡುವವನು ತಿರುಗಿಸಿ ಮುರುಗಿಸಿ ನೋಡಿ, ಇದು ಮುಂಬಯಿಯದಲ್ಲ, ಕಲಕತ್ತೆಯದಲ್ಲ, ಒಳಗೆ ಚೀಟಿ ಇಲ್ಲ, ಹೆಸರಿಲ್ಲ, ಇಲ್ಲೇ ಯಾರೋ ಮಾಡಿದ್ದು ಎಂದನಂತೆ. ಅವನಿಗೇನು, ಬಾಯಿಗೆ ಬಂದದ್ದು ಆಡಿದ. ಅನುಭವಿಸಿದವನು ನಾನು. ಆ ಸಂಜೆ ಕಾಕಾ ಸೀದಾ ನಮ್ಮ ಮನೆಗೆ ಬಂದರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಇಲ್ಲೇ ಯಾರೋ ಅಂದ್ರ ಯಾರ್ರೀ ಸರ?" ಎಂದರು. "ಯಾರೋ ಅಂತ ಹೆಸರಿಟ್ಟು ತೊಟ್ಟಲಾಗ ಹಾಕಿರತಾರೇನ್ರಿ ಯಾರರ?"

ಹೋಗಲಿ ಬಿಡಿ ಕಾಕಾ, ಬಾರಿಸಲಿಕ್ಕೆ ಬಂದರೆ ಸಾಕು ಎಂದೆ. ಬಾರಿಸಲಿಕ್ಕೂ ಬರುವುದಿಲ್ಲ ಎಂಬುದನ್ನು ನುಂಗಿಕೊಂಡೆ. ಅವರು ಕೂತರು. ಕೂತು ಆಡಿದ ಮಾತು ನನಗೆ ಇನ್ನೂ ನೆನಪಿದೆ.

"ನನ್ನ ಕೈ ದಾಟಿದ ಹಾಳಿ ಮ್ಯಾಲ ಎಷ್ಟ ಮಂದಿ ಏನೇನ ಬರದಾರೊ. ಅದನ್ನ ಬೆಳಕಿಗೆ ಹಿಡದ ನೋಡಿದಾಂವ ಒಬ್ಬಾಂವ ಇದ್ದ ಅಂತ ಒಬ್ಬರಿಗರ ಗೊತ್ತೈತೇನ್ರಿ? ನಂದು ಹೋಗ್ಲಿ. ಇಂವಂದರ ಹೆಸರು ಹುಡುಕೂಣು."

ಅಷ್ಟು ಹೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಬರಬೇಕಾಗಿತ್ತು.

ನನ್ನನ್ನೇ ಯಾಕೆ ಹಿಡಿದರು ಎಂದರೆ ನನ್ನ ಕೊಂಕಣಿಗಾಗಿ. ನಾನು ಹುಟ್ಟಿ ಬೆಳೆದದ್ದು ರಾಮನಗರದಲ್ಲಿ. ಅಲ್ಲಿ ಉಪ್ಪು ಕೊಳ್ಳಲು ಒಂದು ಭಾಷೆ, ಮೀನು ಕೊಳ್ಳಲು ಒಂದು ಭಾಷೆ. ಮ್ಯಾಂಡೊಲಿನ್ ಬಾರಿಸುವವರು ಇರುವುದು ಗೋವಾ ಗಡಿಯ ಜೋಯಿಡಾದ ಒಳಹಳ್ಳಿಗಳಲ್ಲಿ, ಅಲ್ಲಿಗೆ ಹೋಗಬೇಕಾದರೆ ಕೊಂಕಣಿ ಬೇಕು, "ನನಗ ಕೊಂಕಣಿದ ಗಂಧಾನೂ ಇಲ್ರಿ ಸರ" ಎಂದು ಕೈ ಮುಗಿದರು. ಅಂದಿನಿಂದ ರವಿವಾರ ಬೆಳಿಗ್ಗೆ ಎಂದರೆ ನಮ್ಮ ಅಂಗಳದಲ್ಲಿ ಅವರ ಗಾಡಿಯ ಹಾರ್ನು. "ನಡೀರಿ ಸರ, ಹೋಗೂಣು." ಅವರ ಹೆಂಡತಿ, ನಾವು ಕಾಕು ಎನ್ನುವವರು, ರೊಟ್ಟಿ ಚಟ್ನಿಪುಡಿಯ ಬುತ್ತಿಯನ್ನು ಇಬ್ಬರಿಗೂ ಕಟ್ಟಿ ಕಳಿಸುತ್ತಿದ್ದರು. ಆ ಬುತ್ತಿ ಬಿಚ್ಚಿದಾಗ ಮಾತ್ರ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು.

ಅವರ ಚೀಲದಲ್ಲಿ ಮ್ಯಾಂಡೊಲಿನ್ ಅಲ್ಲದೆ ಇನ್ನೂ ಕೆಲವು ಸಾಮಾನು ಇರುತ್ತಿದ್ದವು. ಬೆಳಕು ಬಿಡಲು ಒಂದು ಬ್ಯಾಟರಿ. ಹಲ್ಲಿನ ಡಾಕ್ಟರರು ಬಾಯಿಯೊಳಗೆ ಹಾಕುವಂಥ ಉದ್ದ ಕಡ್ಡಿಯ ಚಿಕ್ಕ ಕನ್ನಡಿ. ಮ್ಯಾಂಡೊಲಿನ್ನಿನ ಹೊಟ್ಟೆಯ ತೂತಿನಲ್ಲಿ ಅದನ್ನು ಇಳಿಬಿಟ್ಟು ಒಳಗೆಲ್ಲ ತಿರುವಿ ನೋಡುತ್ತಿದ್ದರು. ಮತ್ತೆ ಖಾಲಿ ಚೀಟಿಗಳು. ಒಳ್ಳೆಯ ಕಾಗದವನ್ನು ನಾಲ್ಕು ಬೆರಳಿನಷ್ಟು ಅಗಲಕ್ಕೆ ನೇರವಾಗಿ ಕತ್ತರಿಸಿ ಇಟ್ಟುಕೊಂಡಿದ್ದರು. ಮಾಡಿದವನ ಹೆಸರು ಸಿಕ್ಕ ಕೂಡಲೇ ಬರೆದು ಒಳಗೆ ಅಂಟಿಸುವುದಕ್ಕೆ. ಸಿಕ್ಕರೆ ಮನೆಗೆ ಬಂದು ಕತ್ತರಿಸಿದರಾಯಿತಲ್ಲ ಎಂದರೆ, ಸಿಕ್ಕಾಗ ಕೈಯಲ್ಲಿ ಕಾಗದ ಇರಬಾರದೇನ್ರಿ ಎಂದು ನನಗೇ ಗದರಿದರು.

ಹುಡುಕಲಿಕ್ಕೆ ಅವರಿಗಿದ್ದ ಗುರುತು ಒಂದೇ. ಅವರ ಮ್ಯಾಂಡೊಲಿನ್ನಿನ ಕುತ್ತಿಗೆಯ ಹಿಂಬದಿಯಲ್ಲಿ, ತಲೆಗೆ ಹತ್ತಿರ, ಹೆಬ್ಬೆರಳು ಕೂರುವಷ್ಟು ಒಂದು ಕುಳಿ ಇತ್ತು. ಸವೆದು ಆದದ್ದಲ್ಲ, ಉಳಿಯಿಂದ ತೆಗೆದು ನುಣುಪು ಮಾಡಿದ್ದು. ಹಳಿಯಾಳದ ಬ್ಯಾಂಡಿನವರ ಅಟ್ಟದಲ್ಲಿ ಸಿಕ್ಕ ಇನ್ನೊಂದಕ್ಕೂ ಅದೇ ಜಾಗದಲ್ಲಿ ಅದೇ ಕುಳಿ. ಅದು ಸಿಕ್ಕ ದಿನ ಕಾಕಾ ನನ್ನ ಕೈ ಹಿಡಿದು ಅಲುಗಾಡಿಸಿದ ರೀತಿಗೆ ನನ್ನ ಭುಜ ವಾರವಿಡೀ ನೋಯಿತು. ವಿಚಿತ್ರವೆಂದರೆ ಆ ಕುಳಿಯಲ್ಲಿ ಅವರ ಹೆಬ್ಬೆರಳೂ ಕೂರುತ್ತಿರಲಿಲ್ಲ, ನನ್ನದೂ ಕೂರುತ್ತಿರಲಿಲ್ಲ. ಯಾರೋ ಸಣ್ಣ ಕೈಯವರದು ಎಂದು ಓಣಿಯ ಚಿಕ್ಕ ಮಕ್ಕಳ ಕೈಗೆಲ್ಲ ಕೊಟ್ಟು ನೋಡಿದರು. ಅವಕ್ಕೆ ದೊಡ್ಡದಾಯಿತು.

ಇನ್ನು ನಮ್ಮ ಹಳ್ಳಿ ತಿರುಗಾಟದ ಕಥೆ. ಎಲ್ಲಿ ಹೋದರೂ ಏನೂ ಸಿಗುತ್ತಿರಲಿಲ್ಲ. ಮುಂಚೆ ಯಾರೋ ಹೇಳಿರುತ್ತಿದ್ದರು, ಇಂಥ ಮನೆಯಲ್ಲಿ ಮ್ಯಾಂಡೊಲಿನ್ ಇದೆ, ಅಜ್ಜ ಮದುವೆಗಳಲ್ಲಿ ಬಾರಿಸುತ್ತಿದ್ದ ಎಂದು. ನಾವು ಹೋಗಿ ಬಾಗಿಲಲ್ಲಿ ನಿಂತರೆ ಮನೆಯವರ ಮುಖ ಬಾಡುತ್ತಿತ್ತು. ಮ್ಯಾಂಡೊಲಿನ್ ಇಲ್ಲ. ಇರಲೇ ಇಲ್ಲ. ಅಜ್ಜನಿಗೆ ಕೈಯೇ ನೆಟ್ಟಗಿರಲಿಲ್ಲ. ಜೋಯಿಡಾದ ಆಚೆ ಒಂದು ಮನೆಯಲ್ಲಿ ಹೆಂಗಸೊಬ್ಬಳು, ಅದನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು ಎಂದು ಹೇಳುತ್ತಿರುವಾಗಲೇ ಕಪಾಟಿನ ಹಿಂದೆ ಬೆಕ್ಕು ಹಾರಿತು. ಒಳಗಿಂದ ಎಂಟೂ ತಂತಿ ಒಟ್ಟಿಗೇ ಝಣ್ ಎಂದವು. ಆಕೆ ನಮ್ಮನ್ನು ನೋಡಿದಳು, ನಾವು ಆಕೆಯನ್ನು ನೋಡಿದೆವು. ಗೆದ್ದಲು ಬಹಳ ಕೆಟ್ಟದ್ದು ಎಂದು ನಾನೇ ಕೊಂಕಣಿಯಲ್ಲಿ ಒಂದು ಮಾತು ಆಡಿ ಕಾಕಾರನ್ನು ಹೊರಗೆ ಎಳೆದುಕೊಂಡು ಬಂದೆ.

ಇದರ ಗುಟ್ಟು ಬಿಚ್ಚಿದವನು ಹಳಿಯಾಳದಲ್ಲಿ ಪಂಕ್ಚರ್ ಹಾಕುವ ಚಾಚಾ. ನಮ್ಮ ಗಾಡಿಯ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ನಮ್ಮ ಗೋಳೆಲ್ಲ ಕೇಳಿಸಿಕೊಂಡ. ಆಮೇಲೆ ಕಾಕಾರನ್ನು ಮೇಲಿಂದ ಕೆಳಗೆ ನೋಡಿದ.

"ಬೇಜಾರ ಮಾಡ್ಕೋಬ್ಯಾಡ್ರಿ. ಖಾಕಿ ಪ್ಯಾಂಟ ಹಾಕ್ಕೊಂಡ ಹೋಗ್ತೀರಿ, ಕೈಯಾಗ ಬ್ಯಾಟರಿ. ಹೋದ ಕೂಡ್ಲೇ ಕೇಳೂದೇನು? ಇದು ಯಾವ ಕಟಗಿ, ಮಾಡಿದಾಂವ ಯಾರು. ಫಾರೆಸ್ಟಿನವರು ಬ್ಯಾರೆ ಏನ ಕೇಳ್ತಾರ್ರಿ?"

ನಾನು ತಲೆ ಚಚ್ಚಿಕೊಂಡೆ. ಕಾಡಿನ ನಡುವೆ ಇರುವ ಊರುಗಳು. ಬೀಟಿ ಮರದ ಒಂದು ಚಕ್ಕೆ ಮನೆಯಲ್ಲಿದ್ದರೂ ಎಲ್ಲಿಂದ ಬಂತು ಎಂದು ಲೆಕ್ಕ ಕೊಡಬೇಕಾದವರು. ಈ ಕಡೆಯ ಮ್ಯಾಂಡೊಲಿನ್ನುಗಳ ಬೆನ್ನೆಲ್ಲ ಬೀಟಿಯದೇ. ಮಾಡಿದವರು ಒಳಗೆ ಹೆಸರು ಯಾಕೆ ಬರೆಯಲಿಲ್ಲ ಎಂಬುದೂ ಆಗಲೇ ನನಗೆ ಹೊಳೆಯಿತು. ಹೆಸರು ಬರೆಯುವುದೆಂದರೆ ತಾವೇ ಸಾಕ್ಷಿ ಹೇಳಿದಂತೆ. ಕಾಕಾರಿಗೆ ಹೇಳಿದೆ, ಮೊದಲು ಆ ಪ್ಯಾಂಟು ಬಿಡಿ ಎಂದು. ಕಾರ್ಖಾನೆಯ ಕಾಲದ ಖಾಕಿ ಪ್ಯಾಂಟುಗಳು ಟ್ರಂಕಿನ ತುಂಬ ಇವೆ, ಹರಿಯುವ ತನಕ ಹೊಸದು ಯಾಕೆ ಎಂದು ವಾದ. ಹಟ ಮಾಡಿ ಒಂದು ರವಿವಾರ ಬಿಳಿ ಪಂಜೆ ಉಡಿಸಿ ಕರೆದುಕೊಂಡು ಹೋದೆ. ಮತ ಕೇಳಲು ಬಂದವರೆಂದು ತಿಳಿದು ಊರಿನವರು ನಮ್ಮನ್ನು ಸುತ್ತುಗಟ್ಟಿ, ರಸ್ತೆ ಯಾವಾಗ, ನೀರು ಯಾವಾಗ ಎಂದು ಝಾಡಿಸಿದರು. ಮುಂದಿನ ವಾರ ಮತ್ತೆ ಖಾಕಿ.

ಹೀಗೇ ತಿರುಗುತ್ತಿರುವಾಗ ಅಣಶಿಯ ರಸ್ತೆಯಲ್ಲಿ ಒಳಗೆ ಹೋದರೆ ಸಿಗುವ ಒಂದು ಮನೆಯ ಸುದ್ದಿ ಬಂತು. ಗಂಡ ಬಡಗಿ, ಹರೆಯದಲ್ಲಿ ಗೋವಾದಲ್ಲಿ ಕೆಲಸ ಮಾಡಿ ಬಂದವನು, ತೀರಿಕೊಂಡಿದ್ದಾನೆ. ಹೆಂಡತಿ ಇದ್ದಾಳೆ ಎಂದರು. ಹೋದೆವು. ಸಣ್ಣ ದೇಹದ ಮುದುಕಿ ಅಂಗಳದಲ್ಲಿ ಹಲಸಿನ ಬೀಜ ಒಣಹಾಕುತ್ತಿದ್ದಳು. ಖಾಕಿ ನೋಡಿ ಎದ್ದು ನಿಂತಳು. ಕಾಕಾ ಎಂದಿನಂತೆ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಚೀಲದಿಂದ ಮ್ಯಾಂಡೊಲಿನ್ ತೆಗೆದು ಆಕೆಯ ಕೈಗೇ ಕೊಟ್ಟುಬಿಟ್ಟರು.

ಆಕೆ ಹಿಡಿದುಕೊಂಡಳು. ಹಿಡಿದದ್ದೇ ತಡ, ಹೆಬ್ಬೆರಳು ತಾನಾಗಿ ಹೋಗಿ ಆ ಕುಳಿಯಲ್ಲಿ ಕೂತಿತು. ಹುಡುಕಲಿಲ್ಲ, ತಡವರಿಸಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಕಾಕಾರ ಕಡೆ ನೋಡಿದೆ. ಅವರ ಬ್ಯಾಟರಿ ಕೈಜಾರಿ ಉರುಳಿ ಹೋಗಿತ್ತು. ಬಗ್ಗಿ ಅದನ್ನು ಕಟ್ಟೆಯ ಕೆಳಗೆ ತಡಕುತ್ತಿದ್ದರು. ಆಗ ಮುದುಕಿ ನನ್ನ ಕಡೆ ತಿರುಗಿ, ಮಳೆ ಬೆಳೆಯ ಮಾತು ಆಡುವಂತೆ ಮುಖದಲ್ಲಿ ನಗು ಇಟ್ಟುಕೊಂಡು ಕೊಂಕಣಿಯಲ್ಲಿ ಹೇಳತೊಡಗಿದಳು. ಇದು ನನ್ನ ಗಂಡ ಮಾಡಿದ್ದು. ಈ ಕುಳಿ ನನ್ನ ಹೆಬ್ಬೆರಳಿನದು. ಮಾಡಿದ ಪ್ರತಿಯೊಂದನ್ನೂ ಮೊದಲು ನನ್ನ ಕೈಗೆ ಕೊಟ್ಟು ಗುರುತು ಹಾಕಿಕೊಳ್ಳುತ್ತಿದ್ದ. ಬೀಟಿ ಎಲ್ಲಿಂದ ತಂದೆ ಎಂದು ಕೇಳಿದರೆ ಹೇಳಲು ಅವನಿಲ್ಲ. ನನ್ನ ಮಗ ಫಾರೆಸ್ಟಿನವರ ಹತ್ತಿರವೇ ವಾಚರ್ ಇದ್ದಾನೆ, ಇನ್ನೂ ಕಾಯಂ ಆಗಿಲ್ಲ. ಅಪ್ಪನ ಹೆಸರು ಹೊರಬಿದ್ದರೆ ಮಗನ ಅನ್ನ ಹೋಗುತ್ತದೆ. ಈ ಖಾಕಿಯವನಿಗೆ ಹೇಳಬೇಡ. ನಿನ್ನ ಮಕ್ಕಳ ಮೇಲೆ ಆಣೆ ಇಟ್ಟು ಹೇಳು, ಹೇಳುವುದಿಲ್ಲವೆಂದು.

ನಾನು ಆಣೆ ಇಟ್ಟೆ. ಬೇರೆ ಏನು ಮಾಡಲಿ? ಕಾಕಾ ಬ್ಯಾಟರಿ ಹುಡುಕಿಕೊಂಡು ಎದ್ದು ನಿಂತರು. ಏನಂತ್ರಿ ಎಂದು ಕೇಳಿದರು. ಆಕೆಗೆ ಏನೂ ಗೊತ್ತಿಲ್ಲವಂತೆ ಎಂದೆ.

"ಗೊತ್ತಿಲ್ಲ ಅನ್ನಾಕ ಇಷ್ಟೊತ್ತು ಬೇಕಾತೇನ್ರಿ ಸರ?"

"ಕೊಂಕಣಿಯೊಳಗ ಅದು ಸ್ವಲ್ಪ ಉದ್ದ ಆಗ್ತೈತ್ರಿ ಕಾಕಾ."

ಅವರು ಸುಮ್ಮನೆ ತಲೆಯಾಡಿಸಿ ಮ್ಯಾಂಡೊಲಿನ್ನನ್ನು ಚೀಲಕ್ಕೆ ಹಾಕಿಕೊಂಡರು. ಎಲ್ಲ ಮರವನ್ನೂ ಬಡಿದು ನೋಡುವ ಮನುಷ್ಯನಿಗೆ ಕಣ್ಣೆದುರಿನ ಹೆಬ್ಬೆರಳು ಕಾಣಲಿಲ್ಲವಲ್ಲ, ಪುಣ್ಯ ಎಂದುಕೊಂಡೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆ ನನ್ನ ಮೂರ್ಖತನ. ಮುಂದಿನ ರವಿವಾರ ಹಾರ್ನು ಬರಲಿಲ್ಲ, ನಿಜ. ಸದ್ಯ ಬಿಟ್ಟರು ಎಂದು ಹಾಸಿಗೆಯಲ್ಲೇ ಹೊರಳಿದೆ. ಅದರ ಮುಂದಿನ ವಾರ ಬಂದೇ ಬಂತು. "ಜೋಯಿಡಾ ಮುಗೀತ್ರಿ ಸರ. ಇನ್ನ ಮುಂಡಗೋಡ." ಹೋದೆವು ಮುಂಡಗೋಡಕ್ಕೆ. ಮಳಗಿಗೆ ಹೋದೆವು. ಅಲ್ಲಲ್ಲಿ ಸಿಕ್ಕ ಮುರುಕು ಮ್ಯಾಂಡೊಲಿನ್ನುಗಳನ್ನೂ, ಕುಳಿ ಇರಲಿ ಬಿಡಲಿ, ಕಾಕಾ ಕೊಂಡು ತಂದರು. ಟಿಬೆಟನ್ ಕ್ಯಾಂಪಿನಲ್ಲಿ ಒಬ್ಬ ಅಜ್ಜ ಇವರ ಮ್ಯಾಂಡೊಲಿನ್ ನೋಡಿ ಖುಷಿಯಾಗಿ ತನ್ನ ಉದ್ದ ಕುತ್ತಿಗೆಯ ತಂತಿವಾದ್ಯ ತಂದ. ಇಬ್ಬರೂ ಒಬ್ಬರದನ್ನೊಬ್ಬರು ಟಕ್ ಟಕ್ ಬಡಿದುಕೊಂಡು ಅರ್ಧ ದಿನ ಕಳೆದರು. ಅಲ್ಲಿ ನನ್ನ ಕೊಂಕಣಿಗೆ ಏನೂ ಕೆಲಸವಿರಲಿಲ್ಲ. ನಾನು ಯಾಕೆ ಬರಬೇಕು ಎಂದು ಕೇಳಿದರೆ, ಒಬ್ಬನೇ ಬುತ್ತಿ ಉಣ್ಣುವುದು ಹೇಗೆ ಎನ್ನುತ್ತಿದ್ದರು.

ಆ ವರ್ಷಗಳ ನನ್ನ ಪಾಡನ್ನು ಯಾರಿಗೆ ಹೇಳಲಿ. ಉತ್ತರ ನನ್ನ ಹೊಟ್ಟೆಯಲ್ಲಿದೆ. ಪ್ರಶ್ನೆ ಹೊತ್ತುಕೊಂಡು ಊರೂರು ತಿರುಗುತ್ತಿದ್ದೇನೆ. ಗೊತ್ತಿಲ್ಲದವನಂತೆ ಕೇಳಬೇಕು, ಸಿಗಲಿಲ್ಲವಲ್ಲ ಎಂದು ಮುಖ ಸಣ್ಣ ಮಾಡಬೇಕು. ಮಂಡಿ ನೋವು ಶುರುವಾಯಿತು. ಹೆಂಡತಿಗೂ ಹೇಳುವಂತಿಲ್ಲ, ಮಕ್ಕಳ ಆಣೆ. ಒಂದೊಂದು ಸಲ ಮುಂಡಗೋಡದ ಬಿಸಿಲಿನಲ್ಲಿ ನಿಂತು, ಅಯ್ಯಾ ಮಾರಾಯ, ಆ ಮುದುಕಿಯ ಕೈ ನೋಡಬಾರದಿತ್ತೇ ನೀನು ಎಂದು ಕೂಗಿಬಿಡಬೇಕು ಅನ್ನಿಸುತ್ತಿತ್ತು. ಅವರು ಮಾತ್ರ ಹಾಯಾಗಿ ಮಿರ್ಚಿ ಭಜಿ ತಿನ್ನುತ್ತಿದ್ದರು.

ಆಮೇಲೆ ಅವರಿಗೆ ದಮ್ಮು ಹತ್ತತೊಡಗಿತು. ಧಾರವಾಡದ ಆಸ್ಪತ್ರೆಗೆ ಹಾಕಿದರು. ನೋಡಲು ಹೋದೆ. ಮಂಚವನ್ನು ಗೆಣ್ಣಿನಿಂದ ಬಡಿದು, "ಕಬ್ಬಣ. ಇದರ ಜೋಡಿ ಏನ ಮಾತಾಡೂದ್ರಿ" ಎಂದರು. ಕೈ ಕಡ್ಡಿಯಂತಾಗಿತ್ತು. ಈ ಮನುಷ್ಯ ಹೆಸರು ಕೇಳದೇ ಹೋಗಿಬಿಡುತ್ತಾನಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ ಎಂದು, ಕಾಕಾ, ಆ ಅಣಶಿ ರಸ್ತೆಯ ಮನೆ ಇತ್ತಲ್ಲ ಎಂದು ಬಾಯಿ ತೆರೆದೆ.

ಅವರು ಕೈ ಎತ್ತಿದರು. "ಮಳಗಿ ಕಡೆ ಇನ್ನೊಂದ ಊರ ಉಳದೈತ್ರಿ ಸರ. ಆರಾಮ ಆದ ಮ್ಯಾಲ ಹೋಗೂಣು" ಎಂದು ಕಣ್ಣು ಮುಚ್ಚಿಕೊಂಡರು. ಸಾಯುವಾಗಲೂ ಮಳಗಿ. ನನಗೆ ಎಷ್ಟು ಸಿಟ್ಟು ಬಂತೆಂದರೆ ತಂದಿದ್ದ ಮೋಸಂಬಿಯನ್ನು ಸ್ಟೂಲಿನ ಮೇಲೆ ಕುಕ್ಕಿ ಹೊರಗೆ ಬಂದೆ. ಅದೇ ಕೊನೆಯ ಭೇಟಿ.

ಕಾಕಾರ ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕು ರಿಕ್ಷಾದಲ್ಲಿ ಮ್ಯಾಂಡೊಲಿನ್ನುಗಳನ್ನು ತುಂಬಿಸಿ ನಮ್ಮ ಮನೆಗೆ ಕಳಿಸಿದರು. ಸರ್ ಹತ್ತಿರವೇ ಇರಲಿ ಎಂದು ಅವರೇ ಹೇಳಿದ್ದರಂತೆ. ಬ್ಯಾಟರಿ, ಕನ್ನಡಿ, ಖಾಲಿ ಚೀಟಿಗಳೂ ಜೊತೆಗೆ ಬಂದವು.

ಹೋದ ತಿಂಗಳು ಒಂದು ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಂತಿತು. ನಡುವಯಸ್ಸಿನವನೊಬ್ಬ ಸಣ್ಣ ದೇಹದ ಮುದುಕಿಯನ್ನು ಕೈಹಿಡಿದು ಇಳಿಸಿದ. ನನಗೆ ಕ್ಷಣದಲ್ಲಿ ಗುರುತು ಸಿಕ್ಕಿತು. ಮುದುಕಿ ಒಳಗೆ ಬಂದು, ಈಚೆಗೆ ಯಾವ ನೆಂಟರೂ ಕೂರದ ದಿವಾನದ ಮೇಲೇ ಕೂತಳು, ಮ್ಯಾಂಡೊಲಿನ್ನುಗಳನ್ನು ಸರಿಸಿ. ಒಂದನ್ನು ಎತ್ತಿಕೊಂಡಳು. ಹೆಬ್ಬೆರಳು ಕುಳಿಗೆ ಹೋಯಿತು. ಈ ಸಲ ಗಣೇಶ ಚವತಿಗೆ ಆತ ಬರಲಿಲ್ಲ, ಕೇಳಿದಾಗ ಸುದ್ದಿ ತಿಳಿಯಿತು ಎಂದಳು.

ಯಾರು ಬರಲಿಲ್ಲ ಎಂದೆ.

ಖಾಕಿಯವನು ಎಂದಳು.

ಆಮೇಲೆ ಆಕೆ ಹೇಳಿದ್ದನ್ನು ನಾನು ಬಾಯಿ ತೆರೆದುಕೊಂಡು ಕೇಳಿದೆ. ನಾವು ಹೋಗಿ ಬಂದ ಮುಂದಿನ ರವಿವಾರವೇ ಕಾಕಾ ಒಬ್ಬರೇ ಆಕೆಯ ಮನೆಗೆ ಹೋಗಿದ್ದರು. ಹಾರ್ನು ಬಾರದ ಆ ರವಿವಾರ. ಕೊಂಕಣಿಯ ಗಂಧವೂ ಇಲ್ಲವೆಂದು ನನಗೆ ಕೈ ಮುಗಿದಿದ್ದವರು ಅಲ್ಲಿ ಕೊಂಕಣಿಯಲ್ಲಿ ಮಾತಾಡಿದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಲಿತ ಕೊಂಕಣಿ, ಗಂಡಸು ಹೆಂಗಸು ಎಲ್ಲ ಕಲಸಿಬಿಡುವಂಥದ್ದು, ಆದರೆ ಕೊಂಕಣಿಯೇ. ನೀನು ಅವತ್ತು ಹೇಳಿದ್ದೆಲ್ಲ ಕೇಳಿಸಿತು, ಬೆರಳೂ ಕಂಡಿತು, ಅದಕ್ಕೇ ಬ್ಯಾಟರಿ ಬೀಳಿಸಿದೆ ಎಂದರಂತೆ. ನೀನು ಹೇಳು ಎನ್ನುವ ತನಕ ಯಾರಿಗೂ ಹೇಳುವುದಿಲ್ಲ. ನನಗೆ ಮಾತ್ರ ಒಂದು ಸಲ ಅವನ ಹೆಸರನ್ನು ಬಾಯಿಬಿಟ್ಟು ಹೇಳು ಎಂದರಂತೆ.

ಆಕೆ ಹೇಳಿದಳು. ಕಾಕಾ ಆ ಹೆಸರನ್ನು ಪಾಠ ಒಪ್ಪಿಸುವ ಹುಡುಗನಂತೆ ತಾವೂ ಹೇಳಿದರು, ಮತ್ತೆ ಹೇಳಿದರು. ಗಂಡ ಅನ್ನದ ಹಂಡೆಯ ಹಬೆಯ ಮೇಲೆ ಹಲಗೆ ಹಿಡಿದು ಬಗ್ಗಿಸುತ್ತಿದ್ದದ್ದು, ಅದರಿಂದ ಅನ್ನವೆಲ್ಲ ಬೀಟಿಯ ವಾಸನೆ ಹೊಡೆಯುತ್ತಿದ್ದದ್ದು, ಪಕ್ಕದ ಊರಿನವನೊಬ್ಬ ಮರದ ಕೇಸಿನಲ್ಲಿ ಸಿಕ್ಕಿಬಿದ್ದ ಮೇಲೆ ಹೆದರಿ ಮ್ಯಾಂಡೊಲಿನ್ನಿನ ಅಚ್ಚುಗಳನ್ನೆಲ್ಲ ಒಲೆಗೆ ಹಾಕಿದ್ದು, ಎಲ್ಲವನ್ನೂ ಕೂತು ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಚವತಿಗೂ ಹೋಗಿ ಮೂರು ಹಾಡು ಬಾರಿಸಿ ಬರುತ್ತಿದ್ದರು. ಎಲ್ಲ ತಪ್ಪು, ಆದರೆ ಮರದ ದನಿ ಗಂಡನದೇ ಅಲ್ಲವೇ, ಅದಕ್ಕೆ ಕೂತು ಕೇಳುತ್ತಿದ್ದೆ ಎಂದಳು.

ನನಗೆ ನೆತ್ತಿಗೇರಿತು. ಹಾಗಾದರೆ ನನ್ನನ್ನು ಯಾಕೆ ಮುಂಡಗೋಡ, ಮಳಗಿ ಎಂದು ತಿರುಗಿಸಿದ ಎಂದು, ಪಾಪ, ಆ ಮುದುಕಿಯ ಮೇಲೆಯೇ ರೇಗಿದೆ.

ತಾನೂ ಅದನ್ನೇ ಕೇಳಿದ್ದೆ ಎಂದಳು. ಕಾಕಾ ಹೇಳಿದ್ದು ಇಷ್ಟೇ. ಸರ್‌ಗೆ ನೀನು ಆಣೆ ಹಾಕಿದ್ದೀ. ನಾನು ಹುಡುಕುವುದು ನಿಲ್ಲಿಸಿದರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಮಕ್ಕಳ ಮೇಲಿನ ಆಣೆ ಉಳಿಯಲಿಲ್ಲ ಎಂದು ಆ ಮನುಷ್ಯ ನಿದ್ದೆಗೆಡುತ್ತಾರೆ. ಅದಕ್ಕಿಂತ ನಾಲ್ಕು ಊರು ತಿರುಗುವುದು ವಾಸಿ.

ನೋಡಿ, ಇಂಥವರ ಜೊತೆ ಹೇಗೆ ಬಾಳಬೇಕು. ನಾನು ಅವರಿಂದ ಮುಚ್ಚಿಡುತ್ತ ವರ್ಷಗಟ್ಟಲೆ ಬೆವರಿದೆ; ಅವರು ನಾನು ಮುಚ್ಚಿಟ್ಟದ್ದನ್ನು ಕಾಯುತ್ತ ಗಾಡಿ ಓಡಿಸಿದರು. ನನ್ನ ನಿದ್ದೆ ಉಳಿಸಲಿಕ್ಕೆ ನನ್ನ ಮಂಡಿ ಕಳೆದರು. ಆಸ್ಪತ್ರೆಯಲ್ಲಿ ಕೈ ಎತ್ತಿ ಮಳಗಿ ಎಂದದ್ದು ನನ್ನ ಆಣೆ ಮುರಿಯದಿರಲಿ ಎಂದು. ನಾನು ಮೋಸಂಬಿ ಕುಕ್ಕಿ ಬಂದೆ. ಒಂದು ಮಾತು ಹೇಳಿದ್ದರೆ ಇಬ್ಬರೂ ಕೂತು ಆ ಹೆಸರು ಹಿಡಿದು ಮಾತಾಡಬಹುದಿತ್ತಲ್ಲ. ಬೈಯೋಣವೆಂದರೆ ಮನುಷ್ಯ ಇಲ್ಲ. ನಾನು ಒಳಗೆ ಹೋಗಿ, ನೀರು ತರುವ ನೆಪದಲ್ಲಿ ಅಡಿಗೆಮನೆಯಲ್ಲಿ ನಿಂತು ಅತ್ತೆ. ಹೆಂಡತಿ ಚಹಾಕ್ಕೆ ಇಟ್ಟಳು.

ಮಗ ಈಗ ವಾಚರ್ ಕೆಲಸ ಬಿಟ್ಟಿದ್ದಾನೆ. ಮನೆಯ ಪಕ್ಕ ಎರಡು ಕೋಣೆ ಕಟ್ಟಿ ಹೋಮ್‌ಸ್ಟೇ ಮಾಡಿದ್ದಾನೆ. ಅಪ್ಪನ ವಿಷಯ ಅಮ್ಮನೇ ಈಚೆಗೆ ಅವನಿಗೆ ಹೇಳಿದ್ದು. ಮುದುಕಿ ಮ್ಯಾಂಡೊಲಿನ್ನನ್ನು ನನ್ನ ತೊಡೆಯ ಮೇಲಿಟ್ಟು, "ಈಗ ಬರಿ" ಎಂದಳು.

ಖಾಲಿ ಚೀಟಿ ತೆಗೆದೆ. ಕಾಕಾ ಇದ್ದಿದ್ದರೆ ಮಾಡುತ್ತಿದ್ದಂತೆ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ, ಚುಕ್ಕೆ ಇರಲಿಲ್ಲ. ಕಾಕುವನ್ನು ಕರೆಸಿದೆ. ಅವರು ಮೈದಾದ ಅಂಟು ಕಾಯಿಸಿದರು. ಕುಳಿ ಇದ್ದವುಗಳಿಗೆಲ್ಲ ಮುದುಕಿಯ ಗಂಡನ ಹೆಸರನ್ನು ದುಂಡಗೆ ಬರೆದು, ಅದರ ಕೆಳಗೆ 'ಹುಡುಕಿದವರು' ಎಂದು ಇನ್ನೊಂದು ಹೆಸರನ್ನೂ ಬರೆದು, ಹೊಟ್ಟೆಯ ತೂತಿನೊಳಗೆ ಇಳಿಬಿಟ್ಟು ಒತ್ತಿ ಅಂಟಿಸಿದೆವು. ಕಾಕು ತಮ್ಮ ಗಂಡನ ಹೆಸರನ್ನು ಬಾಯಿಂದ ಹೇಳುವವರಲ್ಲ. ಅಂಟಿಸುವಾಗ ಬೆರಳಿನಿಂದ ಆ ಅಕ್ಷರಗಳನ್ನು ಒಂದು ಸಲ ಸವರಿದರು. ಕುಳಿ ಇಲ್ಲದ ಒಂದೆರಡು ಹಾಗೇ ಇವೆ, ಅವುಗಳ ಚೀಟಿ ಇನ್ನೂ ಖಾಲಿ.

ಹೆಸರು ಎರಡನ್ನೂ ಇಲ್ಲಿ ಬರೆಯಬಹುದಿತ್ತು. ಬರೆದರೆ ನೀವು ಓದಿ ಮುಂದಿನ ಪುಟಕ್ಕೆ ಹೋಗುತ್ತೀರಿ. ಅವರು ವರ್ಷಗಟ್ಟಲೆ ಬಗ್ಗಿ ನೋಡಿದ್ದಾರೆ, ನೀವೂ ಒಂದು ಸಲ ಬಗ್ಗಿ. ದಾಂಡೇಲಿಯ ನಮ್ಮ ಓಣಿಗೆ ಬಂದು ಮ್ಯಾಂಡೊಲಿನ್ ಸರ್ ಮನೆ ಎಂದು ಕೇಳಿದರೆ ತೋರಿಸುತ್ತಾರೆ. ಆ ಹೆಸರೂ ಈಗ ನನಗೆ ಅಂಟಿದೆ. ಬ್ಯಾಟರಿ, ಕನ್ನಡಿ ದಿವಾನದ ಮೇಲೇ ಇಟ್ಟಿದ್ದೇನೆ. ಖಾಕಿ ಪ್ಯಾಂಟು ಹಾಕಿಕೊಂಡು ಬಂದರೂ ಈಗ ಯಾರೂ ಹೆದರುವುದಿಲ್ಲ.